ಸಾಯದೆ ಉಳಿದ ಕೋಶಗಳು

ಜನವರಿ 9

ಅಣ್ಣನವರಿಗೆ ನಮಸ್ಕಾರ.

ಅಕ್ಷರ ಗುರುತು ಹಿಡಿದು ಲಕೋಟೆಯನ್ನು ಒಡೆಯದೆ ಹರಿದುಹಾಕಿದರೂ ನನಗೆ ಕೇಳುವ ಬಾಯಿಲ್ಲ. ಒಂಬತ್ತು ವರ್ಷ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿದ್ದೇನೆ. ಸಿಬ್ಬಂದಿ ವಿಭಾಗದ ಗುಮಾಸ್ತೆಯ ಹತ್ತಿರ ವಿಳಾಸ ಕೇಳಿದೆ. "ಬಾಟಲಿ ಅಣ್ಣಂದಾ? ಈಗ್ಯಾಕೆ ಬೇಕಾಯ್ತು?" ಎಂದಳು. ವಿಳಾಸ ಬರೆದುಕೊಂಡು ಬಂದೆ.

ಹೋದ ಅಕ್ಟೋಬರಿನಲ್ಲಿ ಹೊರಗಿನ ಒಂದು ಪ್ರಯೋಗಾಲಯದಿಂದ ದೂರು ಬಂತು. ನಾವು ಬಾಟಲಿಯಲ್ಲಿ ಬೆಳೆಸಿ ಕೊಟ್ಟ ಜೀವಕೋಶಗಳಿಗೆ ಕಾಲುಬಾಯಿ ಜ್ವರದ ವೈರಸ್ ಹಾಕಿದರೆ ಅವು ಸರಿಯಾಗಿ ಸಾಯುತ್ತಿಲ್ಲವಂತೆ. ಅವರ ಕೈಗುಣ ನೆಟ್ಟಗಿಲ್ಲ ಎಂದು ನಕ್ಕು ಬದಿಗಿಟ್ಟೆ. ಇನ್ನೊಂದು ಊರಿನಿಂದ ಅದೇ ದೂರು ಬಂದಾಗ ನಗು ಬರಲಿಲ್ಲ. ಹಳೆಯ ದಾಸ್ತಾನಿನ ಸೀಸೆಗಳನ್ನು ತೆಗೆದು ಹೊಸ ವಿಧಾನದ ಪರೀಕ್ಷೆ ಮಾಡಿಸಿದೆ. ವೈರಸ್ ಇದೆ ಅಣ್ಣ. ಕೋಶದ ಒಳಗೇ ಇದೆ. ಕೋಶಗಳು ಹೊರಗಿನಿಂದ ಲಕ್ಷಣವಾಗಿವೆ, ಬೆಳೆಯುತ್ತಿವೆ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ.

ಆ ವರ್ಷದ ಮಾತು ಎತ್ತಬಾರದೆಂದರೂ ಎತ್ತಬೇಕಾಗಿದೆ. ಲಸಿಕೆ ಹಾಕಿದ ದನಗಳ ರಕ್ತದಿಂದ ತೆಗೆದ ಸೀರಂ ಜೊತೆ ವೈರಸ್ ಬೆರೆಸಿ ಈ ಕೋಶಗಳ ಮೇಲೆ ಹಾಕಿದೆವು. ಕೋಶ ಸಾಯದಿದ್ದರೆ ಲಸಿಕೆ ಒಳ್ಳೆಯದು ಎಂದು ಅರ್ಥ. ಕೋಶಗಳು ಸಾಯಲಿಲ್ಲ. ಲಸಿಕೆ ಪಾಸಾಯಿತು. ಆಮೇಲೆ ಕೊಟ್ಟಿಗೆಗಳಲ್ಲಿ ದನಗಳು ಸತ್ತವು. ವಿಚಾರಣೆಯಲ್ಲಿ, ನೀವು ಬಾಟಲಿ ಅದಲುಬದಲು ಮಾಡಿದಿರಿ ಎಂದು ತೀರ್ಮಾನಿಸಿ ನಿಮ್ಮನ್ನು ಕೆಲಸದಿಂದ ತೆಗೆದರು. ಅವತ್ತು ನೀವು ನಿಂತುಕೊಂಡೇ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ಸಾರ್, ನಾನು ಬಾಟಲಿ ಬದಲಾಯಿಸಿಲ್ಲ. ಈ ಕೋಶಗಳೇ ಸರಿ ಇಲ್ಲ. ನೋಡೋಕೆ ಚೆನ್ನಾಗಿವೆ, ಆದ್ರೆ ನನಗೆ ಗುರುತು ಸಿಗ್ತಾ ಇಲ್ಲ." ಆಗ ಒಬ್ಬರು ನಕ್ಕರು.

ನೀವು ಹೇಳಿದ್ದು ಸರಿ. ಅದನ್ನು ತಿಳಿಸಲು ಬರೆದೆ. ಇನ್ನೊಂದು ಕೇಳಿಕೆಯೂ ಇದೆ. ದಿನಾ ಪ್ರತಿ ಬಾಟಲಿ ಹೇಗಿದೆಯೆಂದು ನೀವು ಬರೆದಿಡುತ್ತಿದ್ದ ಪುಸ್ತಕಗಳು ಉಳಿದಿವೆಯೇ? ಕೋಶಗಳು ಯಾವತ್ತಿನವರೆಗೆ ಶುದ್ಧವಾಗಿದ್ದವೆಂದು ಬೇರೆ ಯಾರಿಗೂ ಗೊತ್ತಿಲ್ಲ.

ಇಂತಿ,
ನಿಮ್ಮ ಕೈಕೆಳಗೆ ಬಾಟಲಿ ಹಿಡಿಯಲು ಕಲಿತ ಹುಡುಗಿ


ಜನವರಿ 30

ವಿಭಾಗದ ಮುಖ್ಯಸ್ಥರಿಗೆ,

ಪತ್ರ ತಲುಪಿತು. ನೀವೀಗ ಮುಖ್ಯಸ್ಥರೆಂದು ಮೊಹರು ನೋಡಿ ತಿಳಿಯಿತು. ಸಂತೋಷ.

ನಾನು ಒಂದು ಲಾಂಡ್ರಿಯಲ್ಲಿದ್ದೇನೆ. ಹೋಟೆಲುಗಳ ಹಾಸಿಗೆ ಬಟ್ಟೆ ಬರುತ್ತದೆ. ದೊಡ್ಡ ಯಂತ್ರ ನಾಲ್ಕು, ಅದರಲ್ಲಿ ಒಂದು ಸದಾ ಕೆಟ್ಟಿರುತ್ತದೆ. ಇಲ್ಲಿ ಒಂದು ಸುಖ ಇದೆ. ತಪ್ಪಾದರೆ ಇನ್ನೊಂದು ಸಲ ಒಗೆದರಾಯಿತು, ಯಾರೂ ಸಾಯುವುದಿಲ್ಲ.

ನಾನು ಹೇಳಿದ್ದು ಸರಿ ಎಂದು ಬರೆದಿದ್ದೀರಿ. ನಿಜ ಹೇಳಲೇ? ನಾನೇ ನನ್ನ ಮಾತನ್ನು ನಂಬುವುದು ಬಿಟ್ಟು ಬಹಳ ಕಾಲವಾಯಿತು. ಮೊದಲ ವರ್ಷ ಬರೀ ಸಿಟ್ಟು. ಎರಡನೇ ವರ್ಷ ಒಂದೊಂದು ದಿನವನ್ನೂ ತಿರುಗಿಸಿ ಮುರುಗಿಸಿ ನೋಡಿದೆ, ಎಲ್ಲಿ ಕೈ ತಪ್ಪಿರಬಹುದು ಎಂದು. ನಿಮ್ಮ ಅತ್ತಿಗೆ ನೋಡಿ ನೋಡಿ ಸಾಕಾಗಿ ಒಂದು ದಿನ ಹೇಳಿದಳು, "ಮನುಷ್ಯ ಅಂದ್ಮೇಲೆ ಕೈ ತಪ್ಪುತ್ತೆ. ತಪ್ಪಾಯ್ತು ಅಂತ ಒಪ್ಕೊಂಡ್ಬಿಡಿ, ಹಗುರಾಗುತ್ತೆ." ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದಾಗ ಅನ್ನಿಸಿತು, ಇರಬಹುದು, ನಾನೇ ಮಾಡಿರಬಹುದು. ಅವತ್ತಿನಿಂದ ನಿದ್ದೆ ಬರತೊಡಗಿತು. ಈಗ ನೀವು ಬಂದು ಅದಕ್ಕೂ ಕಲ್ಲು ಹಾಕಿದಿರಿ. ನಿಮ್ಮ ಪತ್ರ ಬಂದ ಮೇಲೆ ಮತ್ತೆ ಕಣ್ಣು ಮುಚ್ಚಿಲ್ಲ.

ಪುಸ್ತಕಗಳಿವೆ. ಏಳು. ಮಂಚದ ಕೆಳಗೆ ಪೆಟ್ಟಿಗೆಯಲ್ಲಿ. ವಿಚಾರಣೆಗೂ ಹೊತ್ತುಕೊಂಡು ಹೋಗಿದ್ದೆ. ಯಾರೂ ತೆರೆಯಲಿಲ್ಲ. "ಇವರ ಕೈ ಆಗಾಗ ನಡುಗುವುದನ್ನು ಗಮನಿಸಿದ್ದೇನೆ" ಎಂದು ಒಬ್ಬರು ಬರೆದುಕೊಟ್ಟಿದ್ದ ಒಂದು ಹಾಳೆಯೇ ಅವರಿಗೆ ಸಾಕಾಯಿತು. ಆ ಹಾಳೆಯ ಅಕ್ಷರ ದುಂಡಗೆ ಮುದ್ದಾಗಿತ್ತು. ಈ ಲಕೋಟೆಯ ಮೇಲೂ ಹಾಗೆಯೇ ಇದೆ.

ಪುಸ್ತಕ ಕಳಿಸುವುದಿಲ್ಲ.

ಇಂತಿ,
ಮಾಜಿ ಸಹಾಯಕ, ಕೋಶ ವಿಭಾಗ


ಫೆಬ್ರವರಿ 18

ಅಣ್ಣ,

ಆ ಹಾಳೆ ಬರೆದವಳು ನಾನೇ. ನಿಮ್ಮ ಕೈ ನಡುಗುತ್ತಿದ್ದುದು ನಿಜ. ಬಾಟಲಿ ಹಿಡಿದಾಗ ನಡುಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಮೊದಲನೆಯದನ್ನು ಬರೆದೆ, ಎರಡನೆಯದನ್ನು ಬಿಟ್ಟೆ. ಇದಕ್ಕೆ ಸಮಜಾಯಿಷಿ ಹುಡುಕಿ ಸುಸ್ತಾಗಿದ್ದೇನೆ. ಸಿಗಲಿಲ್ಲ. ಕೆಲಸ ಖಾಯಂ ಆಗಬೇಕಿತ್ತು, ಹೆದರಿಕೆಯಿತ್ತು. ಅದು ಕಾರಣ ಮಾತ್ರ.

ಪುಸ್ತಕ ಬೇಡ. ಒಂದು ವಿಷಯ ಮಾತ್ರ ಕೇಳುತ್ತೇನೆ. ಏಕೆ ಕೇಳುತ್ತಿದ್ದೇನೆಂದು ಮೊದಲು ಹೇಳಿಬಿಡುತ್ತೇನೆ. ನೀವು ಕಣ್ಣಿನಿಂದ ಕಂಡದ್ದನ್ನು ನಾನು ಇಷ್ಟು ವರ್ಷವಾದ ಮೇಲೆ ಯಂತ್ರದಿಂದ ಕಂಡಿದ್ದೇನೆ, ಅಷ್ಟೇ.

ವೈರಸ್ ಹಾಕಿದ ಬಾಟಲಿಯಲ್ಲಿ ಎರಡೇ ದಿನಕ್ಕೆ ಕೋಶಗಳು ಗುಂಡಗಾಗಿ, ಗಾಜಿನಿಂದ ಕಳಚಿ ತೇಲುತ್ತವೆ. ನಾವು ಅದನ್ನು ನೋಡಿ ಎಲ್ಲಾ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಲಕ್ಷಕ್ಕೆ ನಾಲ್ಕೋ ಐದೋ ಕೋಶ ಅಂಟಿಕೊಂಡೇ ಇರುತ್ತವೆ. ಬಾಟಲಿ ಬಿಸಾಡದೆ ಪೋಷಕ ದ್ರವ ಬದಲಿಸುತ್ತಾ ಹೋದರೆ ಆ ನಾಲ್ಕೈದೇ ಬೆಳೆದು ಮತ್ತೆ ಬಾಟಲಿ ತುಂಬುತ್ತವೆ. ಅವುಗಳೊಳಗೆ ವೈರಸ್ ಇದ್ದೇ ಇರುತ್ತದೆ, ಆದರೆ ಸ್ವಲ್ಪ ಸ್ವಲ್ಪ. ಕೋಶ ವೈರಸ್ಸಿಗೆ ಒಗ್ಗುತ್ತದೆ, ವೈರಸ್ ಕೋಶಕ್ಕೆ ಒಗ್ಗುತ್ತದೆ. ಕೋಶ ಎರಡಾದಾಗ ವೈರಸ್ಸೂ ಎರಡರೊಳಗೂ ಹೋಗುತ್ತದೆ. ಹೊರಗಿನಿಂದ ಅದೇ ವೈರಸ್ ತಂದು ಸುರಿದರೂ ಈ ಕೋಶಗಳು ಬಗ್ಗುವುದಿಲ್ಲ. ನಮ್ಮ ಪರೀಕ್ಷೆಯಲ್ಲಿ ಆದದ್ದು ಇದೇ. ಹೋಲಿಕೆಗೆಂದು ಸೀರಂ ಇಲ್ಲದೆ ವೈರಸ್ ಮಾತ್ರ ಹಾಕಿದ ಬಾಟಲಿಯೂ ತಡವಾಗಿ ಸತ್ತಿತ್ತು, ನೆನಪಿದೆಯೇ? ತಡವಾದರೂ ಸತ್ತಿತಲ್ಲ ಎಂದು ನಾವು ಮುಂದೆ ಹೋದೆವು. ಕೋಶ ಉಳಿದದ್ದಕ್ಕೆ ಲಸಿಕೆ ಕಾರಣವಲ್ಲ, ಹಳೆಯ ಸೋಂಕು ಕಾರಣ.

ನಿರ್ದೇಶಕರಿಗೆ ಹೇಳಿದೆ. ಅಂದು ವಿಚಾರಣೆಯ ಕುರ್ಚಿಯಲ್ಲಿ ಕೂತವರೇ ಇಂದೂ ಇದ್ದಾರೆ. "ಹಳೇ ಹುಣ್ಣು ಕೆರೀಬೇಡಿ. ಸೀಸೆಗಳನ್ನ ಸದ್ದಿಲ್ದೆ ಎಸೆದು ಹೊಸ ಕೋಶ ತರಿಸ್ಕೊಳ್ಳಿ" ಎಂದರು. ಆದರೆ ಆ ದಾಸ್ತಾನಿನಿಂದ ಹದಿನಾಲ್ಕು ಕಡೆಗೆ ಕೋಶ ಹೋಗಿದೆ. ಯಾವ ದಿನದ ನಂತರದ ಸೀಸೆಗಳು ಕೆಟ್ಟವೆಂದು ಅವರಿಗೆ ಹೇಳಬೇಕು.

ದಾಸ್ತಾನು ಹಿಮಕ್ಕಿಟ್ಟದ್ದು ಸೆಪ್ಟೆಂಬರಿನಲ್ಲಿ. ಅದರ ಹಿಂದಿನ ಒಂದೆರಡು ತಿಂಗಳಲ್ಲಿ ಅಸಹಜವಾದದ್ದೇನಾದರೂ ನಿಮ್ಮ ಕಣ್ಣಿಗೆ ಬಿದ್ದಿತ್ತೇ? ಒಂದು ಕಾರ್ಡಿನಲ್ಲಿ ಬರೆದರೂ ಸಾಕು.

ಅತ್ತಿಗೆಯವರಿಗೆ ನಮಸ್ಕಾರ ಹೇಳುವ ಹಕ್ಕು ಉಳಿದಿದ್ದರೆ, ಹೇಳಿ.

ಇಂತಿ,
ನಿಮ್ಮ ಹುಡುಗಿ


ಮಾರ್ಚ್ 26

ಮುಖ್ಯಸ್ಥರಿಗೆ,

ಪುಸ್ತಕ ತೆಗೆಯಬಾರದೆಂದಿದ್ದೆ. ನಿಮ್ಮ ಅತ್ತಿಗೆಯೇ ಗುಡಿಸುವಾಗ ಪೆಟ್ಟಿಗೆ ಎಳೆದು ಹೊರಗಿಟ್ಟಳು. "ಒಂಬತ್ತು ವರ್ಷಕ್ಕೆ ಒಬ್ಬರು ಕೇಳಿದಾರೆ. ತೆಗೆದು ನೋಡೋಕೇನು ಕಷ್ಟ?" ಎಂದಳು. ಧೂಳಿಗೆ ಇಬ್ಬರೂ ಸೀನಿದೆವು.

ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿದ್ದೇನೆ. ಏನನ್ನೂ ಸೇರಿಸಿಲ್ಲ, ಬಿಟ್ಟಿಲ್ಲ.

ಆಗಸ್ಟ್ 3. ಹುಡುಗಿಗೆ ಮನೆಯಿಂದ ಫೋನು. ತಾಯಿಗೆ ತುರ್ತಾಗಿ ಆಪರೇಷನ್ನು. ಮಧ್ಯಾಹ್ನವೇ ಹೊರಟಳು. ಊಟದ ಡಬ್ಬಿ ಮೇಜಿನ ಮೇಲೇ ಬಿಟ್ಟು ಹೋಗಿದ್ದಾಳೆ.

ಆಗಸ್ಟ್ 5. ಇನ್‌ಕ್ಯುಬೇಟರಿನ ಕೆಳಗಿನ ತಟ್ಟೆಯಲ್ಲಿ ಅವಳ ಬಾಟಲಿ ಎರಡು. ಚೀಟಿಯ ಶಾಯಿ ತೇವಕ್ಕೆ ಕದಡಿದೆ, ಓದಲಾಗದು. ಒಂದು ತುಂಬಿದೆ. ಇನ್ನೊಂದರಲ್ಲಿ ತೇಲುವುದೇ ಹೆಚ್ಚು, ಅಲ್ಲೊಂದು ಇಲ್ಲೊಂದು ಅಂಟಿವೆ. ಹಸಿದಿರಬೇಕು. ದ್ರವ ಬದಲಿಸಿದೆ.

ಆಗಸ್ಟ್ 13. ಅದೇ ಬಾಟಲಿಯಲ್ಲಿ ಗುಂಪು ಗುಂಪಾಗಿ ಬೆಳೆಯುತ್ತಿವೆ. ದ್ರವ ಬದಲಿಸಿದೆ.

ಆಗಸ್ಟ್ 24. ಅರ್ಧ ತುಂಬಿತು. ಪಾಪ, ಬದುಕಿಕೊಂಡವು.

ಸೆಪ್ಟೆಂಬರ್ 9. ಹುಡುಗಿ ಬಂದಳು. ತಾಯಿಗೆ ಗುಣವಾಗಿದೆಯಂತೆ, ಸಮಾಧಾನ. ಎರಡೂ ಬಾಟಲಿ ತುಂಬಿದ್ದು ನೋಡಿ ಖುಷಿಪಟ್ಟಳು.

ಸೆಪ್ಟೆಂಬರ್ 17. ಎರಡನ್ನೂ ಸೇರಿಸಿ ಬೆಳೆಸಿ, ಹುಡುಗಿ ನಲವತ್ತು ಸೀಸೆ ಹಿಮಕ್ಕಿಟ್ಟಳು. ವಿಭಾಗದ ಹೊಸ ದಾಸ್ತಾನು.

ಇಷ್ಟೇ. ಇದರ ಮೇಲೆ ಬರೆಯುವ ಶಕ್ತಿ ನನಗಿಲ್ಲ.

ಇಂತಿ,
ಮಾಜಿ ಸಹಾಯಕ


ಮೇ 2

ಅಣ್ಣ,

ನಿಮ್ಮ ನಕಲು ಬಂದು ಐದು ವಾರವಾಯಿತು. ಮೊದಲ ಸಲ ಓದಿ ಮುಗಿಸುವಷ್ಟರಲ್ಲೇ ಗೊತ್ತಾಗಿತ್ತು. ಬರೆಯಲು ಇಷ್ಟು ದಿನ ಹಿಡಿಯಿತು.

ಆಗಸ್ಟ್ ಒಂದರಂದು ಆ ಎರಡರಲ್ಲಿ ಒಂದು ಬಾಟಲಿಗೆ ನಾನು ವೈರಸ್ ಹಾಕಿದ್ದೆ. ಮೂರನೆಯ ತಾರೀಖು ಸಂಜೆ ಅದನ್ನು ಬ್ಲೀಚಿಂಗ್ ದ್ರಾವಣಕ್ಕೆ ಸುರಿದು ಮುಗಿಸಬೇಕಿತ್ತು. ಮಧ್ಯಾಹ್ನ ಫೋನು ಬಂತು. ಅಮ್ಮನ ಹಾಸಿಗೆಯ ಪಕ್ಕ ಐದು ವಾರ ಕೂತೆ. ಬಾಟಲಿ ತಲೆಯಿಂದಲೇ ಹೋಗಿತ್ತು. ವಾಪಸು ಬಂದಾಗ ಎರಡೂ ತುಂಬಿದ್ದವು, ಎರಡೂ ಒಂದೇ ಥರ ಕಂಡವು. ಅಣ್ಣ ಒಂದನ್ನು ಎರಡು ಮಾಡಿಟ್ಟಿದ್ದಾರೆ, ವೈರಸ್ ಹಾಕಿದ್ದನ್ನು ನಾನು ಅಂದೇ ಸುರಿದಿರಬೇಕು ಎಂದುಕೊಂಡೆ. ನಿಮ್ಮನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಸೇರಿಸಿ ಬೆಳೆಸಿ ಹಿಮಕ್ಕಿಟ್ಟೆ.

ಇಲ್ಲಿಗೆ ನಿಲ್ಲಿಸಿದರೆ ಇದು ಮರೆವು ಅನ್ನಿಸಿಕೊಳ್ಳುತ್ತದೆ. ನಿಲ್ಲಿಸಬಾರದು. ವಿಚಾರಣೆಯ ಹಿಂದಿನ ದಿನ ನನ್ನ ಪುಸ್ತಕ ತೆರೆದಿದ್ದೆ. ಆಗಸ್ಟ್ ಒಂದರ ಪುಟದಲ್ಲಿ "ಎರಡನೇ ಬಾಟಲಿಗೆ ವೈರಸ್" ಎಂದಿತ್ತು. ಸುರಿದದ್ದರ ಬಗ್ಗೆ ಮುಂದೆ ಎಲ್ಲೂ ಇರಲಿಲ್ಲ. ಪುಟ ಮುಚ್ಚಿದೆ. ಮರುದಿನ ಹೋಗಿ ಆ ಹಾಳೆ ಬರೆದುಕೊಟ್ಟೆ.

ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಇಷ್ಟವಿರಲಿಲ್ಲ.

ಹದಿನಾಲ್ಕೂ ಕಡೆಗೆ ಬರೆಯುತ್ತೇನೆ. ಯಾರಿಂದ ಆಯಿತು ಎಂಬುದನ್ನೂ ಬರೆಯುತ್ತೇನೆ. ಮೊದಲು ನಿಮಗೆ ಹೇಳಬೇಕಿತ್ತು, ಹೇಳಿದ್ದೇನೆ.

ಇಂತಿ,
ನಿಮ್ಮ ವಿಶ್ವಾಸಕ್ಕೆ ಎರವಾದವಳು


ಮೇ 14

ಅಮ್ಮಾ,

ನೀವು ಹೇಳುವ ಮೊದಲೇ ನನಗೆ ತಿಳಿದಿತ್ತು. ನಕಲು ಮಾಡುವಾಗ ಆಗಸ್ಟ್ ಐದಕ್ಕೆ ಬಂದು ಪೆನ್ನು ಕೆಳಗಿಟ್ಟಿದ್ದೆ. ಆದರೆ ಮರೆವು ಅಂದುಕೊಂಡಿದ್ದೆ. ತಾಯಿ ಆಸ್ಪತ್ರೆಯಲ್ಲಿದ್ದಾಗ ಬಾಟಲಿ ಯಾರಿಗೆ ನೆನಪಿರುತ್ತದೆ ಎಂದು ಮನಸ್ಸಿನಲ್ಲೇ ನಿಮ್ಮ ಪರ ವಕಾಲತ್ತು ಮಾಡಿದ್ದೆ. ಪುಟ ಮುಚ್ಚಿದ ಸಂಗತಿ ಗೊತ್ತಿರಲಿಲ್ಲ. ಆ ಒಂದು ಸಾಲು ಬರೆಯದಿದ್ದರೆ ನಿಮಗೆ ಚೆನ್ನಾಗಿತ್ತು. ಬರೆದಿರಿ.

ಒಂದು ಮಾತು ತಿಳಿದಿರಲಿ. ನಿಮ್ಮ ತಪ್ಪನ್ನು ತಲೆ ಮೇಲೆ ಹೊತ್ತ ದೊಡ್ಡ ಮನುಷ್ಯ ನಾನಲ್ಲ. ಗೊತ್ತಿದ್ದಿದ್ದರೆ ಅವತ್ತೇ ನಿಮ್ಮ ಹೆಸರು ಹೇಳುತ್ತಿದ್ದೆ. ನನಗೂ ಸಂಸಾರವಿತ್ತು.

ದನ ಕಳೆದುಕೊಂಡವರು ನಮ್ಮ ಗೇಟಿನ ಮುಂದೆ ಬಂದು ನಿಂತ ದಿನ ನೀವು ಮಹಡಿಯ ಮೇಲಿದ್ದಿರಿ. ಕೆಳಗೆ ನಾನಿದ್ದೆ. ಒಬ್ಬ ಮುದುಕಿ ಬಯ್ಯಲಿಲ್ಲ, ಅಳಲಿಲ್ಲ. "ಹನ್ನೊಂದೂ ಹಾಲು ಕೊಡ್ತಿದ್ವು" ಎಂದಳು, ಅಷ್ಟೇ. ಈಗಲೂ ಯಂತ್ರದಿಂದ ಒದ್ದೆ ಬಟ್ಟೆ ಎಳೆಯುವಾಗ ಒಮ್ಮೊಮ್ಮೆ ಹನ್ನೊಂದರವರೆಗೆ ಎಣಿಸಿಬಿಡುತ್ತೇನೆ. ಯಾವ ಕೈಯಿಂದ ಆಯಿತೋ ಎಂದು ನನ್ನ ಕೈ ನಾನೇ ನೋಡಿಕೊಂಡಿದ್ದೇನೆ.

ನನ್ನದೂ ಒಂದು ಪಾಲಿದೆ. ಚೀಟಿ ಓದಲಾಗದ ಬಾಟಲಿಯನ್ನು ಯಾರದು, ಏನು ಎಂದು ಕೇಳದೆ ಸಾಕಿದ್ದು ನಾನು. ಮೂವತ್ತು ವರ್ಷದ ಕೆಲಸದಲ್ಲಿ ಹಸಿದ ಕೋಶ ಕಂಡರೆ ತಡೆಯಲು ಆಗುತ್ತಿರಲಿಲ್ಲ. ಅದು ತಪ್ಪು. ಹದಿನಾಲ್ಕು ಕಡೆಗೆ ಬರೆಯುವಾಗ ಅಷ್ಟನ್ನು ನನ್ನ ಹೆಸರಿಗೆ ಬರೆಯಿರಿ. ಉಳಿದದ್ದು ನಿಮ್ಮದು.

ಸದ್ಯಕ್ಕೆ ಇನ್ನೇನೂ ಬರೆಯಬೇಡಿ. ಓದಿ ಓದಿ ದಣಿದಿದ್ದೇನೆ.

ಇಂತಿ,
ಅದೇ ಅಣ್ಣ


ಜುಲೈ 6

ಅಣ್ಣ,

ಬರೆಯಬೇಡಿ ಎಂದಿರಿ. ಏಳು ವಾರ ತಡೆದೆ. ಆದದ್ದನ್ನು ತಿಳಿಸದೆ ಇರುವುದು ಮತ್ತೆ ಪುಟ ಮುಚ್ಚಿದ ಹಾಗಾಗುತ್ತದೆ ಎಂದು ಬರೆಯುತ್ತಿದ್ದೇನೆ.

ನಿರ್ದೇಶಕರ ಮುಂದೆ ಎರಡು ಪುಸ್ತಕಗಳನ್ನೂ ಇಟ್ಟೆ, ನನ್ನದು ಮತ್ತು ನಿಮ್ಮ ನಕಲು. ಓದಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಇದನ್ನ ಹೊರಗೆ ಹಾಕಿದ್ರೆ ನಿಮ್ಮ ಡಾಕ್ಟರೇಟು ಏನಾಗುತ್ತೆ ಗೊತ್ತಲ್ಲ?"

"ಗೊತ್ತು ಸಾರ್. ಅದೂ ಇದೇ ಕೋಶಗಳ ಮೇಲೆ ಬರೆದದ್ದು."

"ಆ ಮನುಷ್ಯ ಈಗೆಲ್ಲೋ ನೆಮ್ಮದಿಯಾಗಿದಾನೆ. ಅವನಿಗೇನು ಸಿಗುತ್ತೆ ಇದ್ರಿಂದ?"

"ನೆಮ್ಮದಿಯಾಗಿಲ್ಲ ಸಾರ್. ಇಷ್ಟು ವರ್ಷ ತಾನೇ ತಪ್ಪು ಮಾಡಿದೆ ಅಂದ್ಕೊಂಡಿದ್ರು."

ಅವರು ನನ್ನ ಕಡೆ ನೋಡದೆ, "ನಾನೂ ಆ ಪುಸ್ತಕ ತೆರೀಬೇಕಿತ್ತು" ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಹದಿನಾಲ್ಕು ಪತ್ರಗಳೂ ಹೋದವು. ನಿಮ್ಮ ಪಾಲನ್ನು ನೀವು ಹೇಳಿದ ಮಾತುಗಳಲ್ಲೇ ಬರೆದೆ. ಮೂವರು ತಮ್ಮ ಪ್ರಬಂಧ ಹಿಂತೆಗೆದುಕೊಂಡರು. ಒಬ್ಬರು ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದರು, ನ್ಯಾಯವಾಗಿಯೇ. ಮುಖ್ಯಸ್ಥೆಯ ಕುರ್ಚಿ ಬಿಟ್ಟಿದ್ದೇನೆ. ಕೆಲಸ ಉಳಿಯಿತು, ಸದ್ಯಕ್ಕೆ. ಕೆಳಗಿನ ಕೋಣೆಯಲ್ಲಿ, ನೀವು ಕೂರುತ್ತಿದ್ದ ಕಿಟಕಿಯ ಹತ್ತಿರ ಕೂರುತ್ತೇನೆ. ಸಂಸ್ಥೆಯಿಂದ ನಿಮಗೆ ಪ್ರತ್ಯೇಕ ಪತ್ರ ಬರುತ್ತದೆ. ಸಣ್ಣದು. ದೊಡ್ಡದು ಬರೆಸಲು ನೋಡಿದೆ, ಆಗಲಿಲ್ಲ.

ಇನ್ನೊಂದು ಸುದ್ದಿ. ದ್ರವ ಸಾರಜನಕದ ಪೀಪಾಯಿಯ ತಳದಲ್ಲಿ, ಆ ಆಗಸ್ಟಿಗೂ ಒಂದು ವರ್ಷ ಮೊದಲು ನೀವು ಹಿಮಕ್ಕಿಟ್ಟ ಮೂರು ಸೀಸೆ ಸಿಕ್ಕವು. ಒಂದನ್ನು ಕರಗಿಸಿದೆ. ಪರೀಕ್ಷೆಯಲ್ಲಿ ಶುದ್ಧ. ಆದರೆ ಬಾಟಲಿಯಲ್ಲಿ ಅಂಟಿಕೊಳ್ಳದೆ ಎರಡನೇ ದಿನಕ್ಕೆ ಎಲ್ಲಾ ತೇಲಿಹೋದವು. ಇನ್ನು ಎರಡೇ ಇವೆ. ಮುಟ್ಟಲು ಧೈರ್ಯ ಸಾಲುತ್ತಿಲ್ಲ.

ಇಂತಿ,
ನಿಮ್ಮ ಹುಡುಗಿ


ಜುಲೈ 21

ತಂಗಿ,

ಸಂಸ್ಥೆಯ ಪತ್ರ ಹೋದ ಶನಿವಾರ ಬಂತು. ನಾಲ್ಕು ಸಾಲು. "ಸದರಿ ನೌಕರರ ಮೇಲಿನ ಆರೋಪವು ಆಧಾರರಹಿತವೆಂದು ಕಂಡುಬಂದಿರುತ್ತದೆ." ಕಂಡುಬಂದಿರುತ್ತದೆಯಂತೆ, ತಾನಾಗಿಯೇ ನಡೆದುಕೊಂಡು ಬಂದ ಹಾಗೆ.

ನಿನ್ನ ಅತ್ತಿಗೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ನಿಂತುಕೊಂಡೇ ಓದಿ ಹೇಳಿದೆ. ಅವಳು ಚಾಕು ಕೆಳಗಿಟ್ಟಳು.

"ಇನ್ನೊಂದ್ಸಲ ಓದಿ."

ಓದಿದೆ.

"ಒಪ್ಕೊಂಡ್ಬಿಡಿ ಅಂದವಳು ನಾನು" ಎಂದಳು.

"ನನ್ನ ಒಳ್ಳೇದಕ್ಕೇ ತಾನೇ ನೀನು ಅಂದದ್ದು."

"ಒಳ್ಳೇದಕ್ಕಲ್ಲ. ನಂಬಿಕೆ ಇರ್ಲಿಲ್ಲ. ಒಂದು ದಿನ ಕೂಡ ಇರ್ಲಿಲ್ಲ."

ಅವಳ ಮುಖ ನೋಡಲಾಗದೆ ಹೆಚ್ಚಿದ ತರಕಾರಿಯನ್ನು ನಾನೇ ಪಾತ್ರೆಗೆ ತುಂಬಿದೆ. ಊಟಕ್ಕೆ ಕೂತಾಗ ಅವಳು ನನ್ನ ಎದುರಿನ ಕುರ್ಚಿ ಬಿಟ್ಟು ಪಕ್ಕದ್ದರಲ್ಲಿ ಕೂತಳು. ಮೂವತ್ತೆಂಟು ವರ್ಷದಲ್ಲಿ ಹಾಗೆ ಕೂತದ್ದು ನೆನಪಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆಂದು ಬರೆಯಲು ಎರಡು ಸಲ ಕೂತೆ. ಪೆನ್ನು ಓಡಲಿಲ್ಲ. ಬರದೇ ಇದ್ದದ್ದನ್ನು ಬಂದ ಹಾಗೆ ಬರೆಯುವುದು ಬೇಡ. ಅಲ್ಲಿಗೆ ಬರುವುದೂ ಇಲ್ಲ. ಆ ಗೇಟು ದಾಟುವ ಆಸೆ ನನಗೆ ಉಳಿದಿಲ್ಲ.

ಸೀಸೆಗಳ ವಿಷಯ. ನೀನು ದೊಡ್ಡ ಬಾಟಲಿಗೆ ಹಾಕಿರಬೇಕು. ಇಷ್ಟು ವರ್ಷ ಹಿಮದಲ್ಲಿದ್ದವು ಬಯಲಿನಲ್ಲಿ ಬಿಟ್ಟ ಹಾಗೆ ಬೆದರುತ್ತವೆ. ನಿನ್ನಲ್ಲಿರುವ ಅತಿ ಸಣ್ಣ ಬಾಟಲಿ ತೆಗೆದುಕೋ, ಒಂದಕ್ಕೊಂದು ತಾಗಿ ಕೂರಲಿ. ಕರಗಿಸುವುದು ಬೆಚ್ಚನೆ ನೀರಿನಲ್ಲಿ, ಬೇಗ. ಒಳಗೆ ಕಡಲೆಕಾಳಿನಷ್ಟು ಹಿಮ ಉಳಿದಿರುವಾಗಲೇ ಹೊರಗೆ ತೆಗೆ. ದ್ರವ ಮಾತ್ರ ಹನಿ ಹನಿಯಾಗಿ ಹಾಕು, ಆತುರ ಬೇಡ. ಮರುದಿನ ಒಂದು ಸಲ ದ್ರವ ಬದಲಿಸು. ಆಮೇಲೆ ಮೂರು ದಿನ ಇನ್‌ಕ್ಯುಬೇಟರಿನ ಬಾಗಿಲಿಗೆ ಕೈ ಹಚ್ಚಬೇಡ. ನೀನು ಗಳಿಗೆಗೊಮ್ಮೆ ತೆಗೆದು ನೋಡುವವಳು, ಗೊತ್ತು. ಅವು ಅಲುಗಾಟಕ್ಕೇ ಸಾಯುತ್ತವೆ.

ಐದನೇ ದಿನ ತೆಗೆದು ನೋಡಿ, ಹೇಗಿವೆಯೆಂದು ನನಗೆ ಬರೆ. ಅಂಟಿದ್ದರೆ ಅಂಟಿವೆ ಎಂದು ಬರೆ. ಸತ್ತಿದ್ದರೆ ಸತ್ತಿವೆ ಎಂದೇ ಬರೆ.

ಇಂತಿ,
ಅಣ್ಣ